ತಿದಿಯ ಎರಡು ತುದಿ

ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕಾವ್ಯ, ವಚನ, ಗಡಿನಾಡಿನ ಶಿಕ್ಷಣ ಮುಂತಾದವುಗಳನ್ನು ಕುರಿತು ಬಲ್ಲವರು ಬರೆಯುತ್ತಾರೆ. ನಾವು ಬರೆಯಹೊರಟಿರುವುದು ಯಂತ್ರದೋಣಿಯೊಂದರ ಹೊಗೆಯ ತಿದಿಯನ್ನು ಕುರಿತು. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು ಇಂಥ ವಿಷಯವನ್ನು ಎತ್ತಿಕೊಂಡರೆ ಓದುಗರು ಹುಬ್ಬೇರಿಸುವುದು ಸಹಜ. ಆದರೆ ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಕೆರೆ ಸರೋವರಗಳು ಹೆಚ್ಚಿರುವ ದೂರದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಲು ಹೋಗುವ ತಂದೆತಾಯಿಗಳೂ ಹೆಚ್ಚುತ್ತಿದ್ದಾರೆ. ಅಂಥವರಿಗೆ ಈ ಬರಹದಿಂದ ಒಂದಿಷ್ಟು ಉಪಯೋಗವಾದೀತು ಎಂಬ ನಂಬಿಕೆ ನಮ್ಮದು.

ಬೋರಾಮಣಿಗೂ ದೋಣಿಗೂ ಎಲ್ಲಿಯ ಸಂಬಂಧ ಎಂದು ಕೇಳುವವರು ಕೇಳಲಿ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಊರು ನಮ್ಮದು. ಸುತ್ತ ಜೋಳ, ತೊಗರಿಯ ಹೊಲಗಳು. ಅವುಗಳಾಚೆ ತೋಳ ತಿರುಗುವ ಹುಲ್ಲುಗಾವಲು. ತುಂಬಿದ ನೀರನ್ನು ಕಣ್ಣು ತುಂಬ ಕಾಣಬೇಕಾದರೆ ನಾವು ಚಿಕ್ಕಂದಿನಲ್ಲಿ ಸೋಲಾಪುರಕ್ಕೇ ಹೋಗುತ್ತಿದ್ದೆವು. ಅಲ್ಲಿ 12ನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಹೆಸರಿನ ಕೆರೆಯಿದೆ. ಹಿರಿಯರು ಕಂಬರ ತಲಾವ ಎಂದು ಕರೆಯುತ್ತಿದ್ದ ಇನ್ನೊಂದು ಕೆರೆಯೂ ಇದೆ. ಆ ಹೆಸರು ಕನ್ನಡದ ಕಿವಿಗೆ ಬಿದ್ದೊಡನೆ ಕುಲುಮೆಯ ಮುಂದೆ ಕುಳಿತ ಕಂಬಾರನೇ ನೆನಪಿಗೆ ಬರುತ್ತಾನೆ. ನಮ್ಮ ಜಿಲ್ಲೆಯಲ್ಲಿ ಯಂತ್ರದೋಣಿಗಳೂ ಇಲ್ಲದಿಲ್ಲ. ಭೀಮಾ ನದಿಗೆ ಕಟ್ಟಿದ ಉಜನಿ ಜಲಾಶಯದ ಹಿನ್ನೀರಿನಲ್ಲಿ ಜನರನ್ನು ದಡದಿಂದ ದಡಕ್ಕೆ ದಾಟಿಸುವ ದೋಣಿಗಳಿವೆ. 2024ರ ಮೇ ತಿಂಗಳಿನಲ್ಲಿ ಕುಗಾವ ಮತ್ತು ಕಳಾಶಿ ಗ್ರಾಮಗಳ ನಡುವೆ ಅಂಥದೊಂದು ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿ ಆರು ಜನ ಪ್ರಾಣ ಕಳೆದುಕೊಂಡರು. ಅದಕ್ಕೆ ಕಾರಣ ಗಾಳಿಯೇ ಹೊರತು ತಿದಿಯಲ್ಲ. ಆದರೂ ನೀರಿನ ಮೇಲೆ ಹೊರಟವರಿಗೆ ಕಾಲೂರಲು ನೆಲವಿರುವುದಿಲ್ಲ ಎಂಬ ಮಾತನ್ನು ಆ ಸುದ್ದಿ ನಮ್ಮ ಮನಸ್ಸಿನಲ್ಲಿ ಮತ್ತೊಮ್ಮೆ ಗಟ್ಟಿಗೊಳಿಸಿತು.

ತಿದಿ ಎಂಬ ಶಬ್ದವನ್ನು ಇಂದಿನ ಮಕ್ಕಳು ಕೇಳಿರಲಾರರು. ಕಂಬಾರನ ಕುಲುಮೆಗೆ ಗಾಳಿಯೂದುವ ತೊಗಲಿನ ಚೀಲವೇ ತಿದಿ. ನೆರೆಯ ಮರಾಠಿಯಲ್ಲಿ ಅದು ಭಾತಾ. ನಮ್ಮೂರ ಭಜನೆಯ ಪೇಟಿಗೂ ಬೆನ್ನಿನಲ್ಲಿ ಒಂದು ಭಾತಾ ಇರುತ್ತದೆ. ಎಡಗೈಯಿಂದ ಅದನ್ನು ಒತ್ತದೆ ಸ್ವರವೇ ಹೊರಡದು. ಇವೆರಡರ ತತ್ತ್ವವೂ ಒಂದೇ. ಬಾಗಬಲ್ಲ ಒಂದು ಹೊದಿಕೆಗೆ ನೆರಿಗೆಗಳನ್ನು ಕೊಟ್ಟರೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಒಳಗಿನದನ್ನು ಹೊರಕ್ಕೆ ಬಿಡುವುದಿಲ್ಲ. ಇವೆರಡೂ ಕೆಡುವ ಬಗೆ ಕೂಡ ಒಂದೇ. ಮೊದಲು ನೆರಿಗೆಯ ಆಳದಲ್ಲಿ ಕಣ್ಣಿಗೆ ಬೀಳದ ಬಿರುಕು ಹುಟ್ಟುತ್ತದೆ. ಇಲ್ಲವೇ ಅಂಚನ್ನು ಬಿಗಿದ ಕಡೆಯಲ್ಲಿ ಹಿಡಿತ ಸಡಿಲುತ್ತದೆ.

ಇದೇ ಜಾತಿಯ ಇನ್ನೊಂದು ವಸ್ತುವನ್ನು ನಮ್ಮ ವಯಸ್ಸಿನ ಒಕ್ಕಲು ಮಕ್ಕಳೆಲ್ಲ ಬಲ್ಲರು. ಅದು ಮೋಟ, ಗ್ರಂಥಗಳಲ್ಲಿ ಕಪಿಲೆ ಎನ್ನುತ್ತಾರೆ. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಮುಂದೆ ಸಾಗಿದಂತೆ ಬಾವಿಯೊಳಗಿನ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಅದರ ಕೆಳಗೆ ಆನೆಯ ಸೊಂಡಿಲಿನಂತೆ ಒಂದು ತೊಗಲಿನ ನಳಿಗೆ. ಚೀಲ ಮೇಲೇರುವಾಗ ಆ ನಳಿಗೆ ಮಡಚಿಕೊಂಡು ನಿಂತು ನೀರನ್ನು ಹಿಡಿದಿಡುತ್ತಿತ್ತು. ದೋಣಿಯಾಕಾರದ ಕಲ್ಲಿನ ಬಾಯಿಗೆ ಬಂದೊಡನೆ ಚಾಚಿಕೊಂಡು ನೀರನ್ನು ಸುರಿಯುತ್ತಿತ್ತು. ವರ್ಷಕ್ಕೊಮ್ಮೆ ನಮ್ಮ ತಂದೆಯವರು ಎಣ್ಣೆ ಸವರಿ ತೊಗಲನ್ನು ಮೆದುಗೊಳಿಸಿ, ಹೊಲಿಗೆ ಬಿಟ್ಟಲ್ಲಿ ಹೊಸದಾಗಿ ಹೊಲಿಸುತ್ತಿದ್ದರು. ಚೀಲವನ್ನೂ ನಳಿಗೆಯನ್ನೂ ಕೂಡಿಸುವ ಕಟ್ಟನ್ನಂತೂ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಆ ಕಟ್ಟು ಸಡಿಲಿದರೆ ಎತ್ತುಗಳ ದುಡಿಮೆಯೆಲ್ಲ ವ್ಯರ್ಥ. ಆದರೆ ಮೋಟಕ್ಕೆ ಒಂದು ಅನುಕೂಲವಿತ್ತು: ಸೋರಿದ ನೀರು ಮರಳಿ ಅದೇ ಬಾವಿಗೆ ಬೀಳುತ್ತಿತ್ತು. ಬೆವರು ಹೋಗುತ್ತಿತ್ತೇ ಹೊರತು ಪ್ರಾಣ ಹೋಗುತ್ತಿರಲಿಲ್ಲ. ಮುಂದೆ ಡೀಸೆಲ್ ಇಂಜಿನ್ನುಗಳು ಬಂದ ಮೇಲೂ ಇದೇ ಸ್ಥಿತಿ. ಪೈಪು ಗಾಳಿ ಹಿಡಿದರೆ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿ ಕೆಲಸ ಸಾಗಿಸುತ್ತಿದ್ದೆವು. ನೆಲದ ಮೇಲೆ ನಿಂತವರಿಗೆ ಆ ಉಪಾಯ ಸಾಕು.

2023ರ ಏಪ್ರಿಲ್ ತಿಂಗಳಿನಲ್ಲಿ ನಾವು ದಂಪತಿಗಳು ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಹಿರಿಯ ಮಗನ ಮನೆಗೆ ಹೋದೆವು. ಆ ರಾಜ್ಯದ ಒಳಗೇ ಹನ್ನೊಂದು ಸಾವಿರಕ್ಕೂ ಹೆಚ್ಚು ಕೆರೆ ಸರೋವರಗಳಿವೆ. ಅಂಚಿನಲ್ಲಿ ಸಮುದ್ರದಂತೆ ತೋರುವ ಮಹಾಸರೋವರಗಳಿವೆ. ಡೆಟ್ರಾಯಿಟ್ ನಗರದ ಪಕ್ಕದ ಸೇಂಟ್ ಕ್ಲೇರ್ ಸರೋವರವನ್ನು ಆ ದೊಡ್ಡವುಗಳ ಸಾಲಿಗೆ ಸೇರಿಸುವುದಿಲ್ಲ. ಆದರೂ ಅದರ ಆಚೆಯ ದಡ ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ಮನೆಯ ಮುಂದೆ ಎತ್ತಿನ ಬಂಡಿ ನಿಲ್ಲುತ್ತಿದ್ದಂತೆ ಅಲ್ಲಿ ಎಷ್ಟೋ ಮನೆಗಳ ಮುಂದೆ ಟ್ರೇಲರಿನ ಮೇಲೆ ದೋಣಿ ನಿಂತಿರುತ್ತದೆ. ನಮ್ಮ ಮಗನೂ ಹಿಂದಿನ ಶರದೃತುವಿನಲ್ಲಿ ಹನ್ನೆರಡು ವರ್ಷ ಹಳೆಯದಾದ ಒಂದು ದೋಣಿಯನ್ನು ಕೊಂಡಿದ್ದನು. ಚಳಿಗಾಲದಲ್ಲಿ ಅಲ್ಲಿಯ ನೀರು ಗಡ್ಡೆಗಟ್ಟುವುದರಿಂದ ಇಂಜಿನ್ನಿನೊಳಗಿನ ನೀರನ್ನೆಲ್ಲ ಬಸಿದು, ಟಾಡಪತ್ರಿ ಹೊದಿಸಿ ಇಟ್ಟಿದ್ದನು. ಬಸಿಯದೆ ಬಿಟ್ಟರೆ ಮಂಜುಗಡ್ಡೆ ಹಿಗ್ಗಿ ಇಂಜಿನ್ನಿನ ಬೀಡು ಕಬ್ಬಿಣವೇ ಸೀಳುತ್ತದೆಯಂತೆ.

ಈ ದೋಣಿಯ ರಚನೆಯನ್ನು ಸ್ವಲ್ಪ ವಿವರಿಸಬೇಕು. ಇದನ್ನು ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಇಂಜಿನ್ ದೋಣಿಯ ಒಳಗೆ, ಹಿಂಬದಿಯಲ್ಲಿ ಇರುತ್ತದೆ. ನೀರನ್ನು ತಳ್ಳುವ ಪಂಖ ಮತ್ತು ಅದನ್ನು ತಿರುಗಿಸುವ ಹಲ್ಲುಗಾಲಿಗಳ ಕಾಲು, ಅಂದರೆ ಡ್ರೈವ್, ದೋಣಿಯ ಹೊರಗೆ, ಹಿಂಗೋಡೆಗೆ ಜೋತುಬಿದ್ದಿರುತ್ತದೆ. ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿಯವರು 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಈ ಬಗೆಯ ಯಂತ್ರವನ್ನು ಮಾರುಕಟ್ಟೆಗೆ ತಂದರು; 1961ರಲ್ಲಿ ಅಮೆರಿಕದ ಮರ್ಕ್ರೂಸರ್ ಬಂದಿತು. ನಮ್ಮ ಮಗನದು ಮರ್ಕ್ರೂಸರ್. ಹೊರಗಿನ ಕಾಲು ಎಡಕ್ಕೂ ಬಲಕ್ಕೂ ತಿರುಗಬೇಕು, ಅದರಿಂದಲೇ ದೋಣಿಯ ದಿಕ್ಕು ಬದಲಾಗುವುದು. ನೀರು ಆಳವಿಲ್ಲದ ಕಡೆಯಲ್ಲಿ ಮೇಲಕ್ಕೂ ಏಳಬೇಕು. ಒಳಗಿನ ಇಂಜಿನ್ ಮಾತ್ರ ಅಲುಗುವಂತಿಲ್ಲ. ನಿಂತ ಇಂಜಿನ್ನಿನ ಬಲವನ್ನು ಅಲುಗುವ ಕಾಲಿಗೆ ಮುಟ್ಟಿಸುವುದು ಯುನಿವರ್ಸಲ್ ಜಾಯಿಂಟ್. ನಮ್ಮ ಹೆದ್ದಾರಿಯ ಗ್ಯಾರೇಜುಗಳಲ್ಲಿ ಲಾರಿಯ ‘ಕ್ರಾಸ್’ ಹೋಯಿತು ಎನ್ನುತ್ತಾರಲ್ಲ, ಆ ಕ್ರಾಸ್ ಇರುವುದು ಇದೇ ಜಾಯಿಂಟಿನಲ್ಲಿ.

ಇಷ್ಟೆಲ್ಲ ಹಾದುಹೋಗಬೇಕಾದರೆ ಹಿಂಗೋಡೆಯಲ್ಲಿ ರಂಧ್ರಗಳು ಬೇಕು. ಅವು ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಆ ರಂಧ್ರಗಳಿಂದ ಹೊರಗಿನ ಕಾಲಿನವರೆಗೆ ನೆರಿಗೆಯ ರಬ್ಬರಿನ ತೋಳುಗಳನ್ನು ತೊಡಿಸಿರುತ್ತಾರೆ. ಇಂಗ್ಲಿಷಿನಲ್ಲಿ ಅವಕ್ಕೆ ಬೆಲೋಸ್ ಎಂದು ಹೆಸರು. ಕಂಬಾರನ ತಿದಿಗೂ ಅವರಲ್ಲಿ ಅದೇ ಶಬ್ದ. ಆದುದರಿಂದ ನಾವೂ ತಿದಿ ಎಂದೇ ಕರೆಯುತ್ತೇವೆ. ಮಗನ ದೋಣಿಯಲ್ಲಿ ಅಂಥ ತಿದಿಗಳು ಮೂರು. ಮೇಲಿನದು ಯುನಿವರ್ಸಲ್ ಜಾಯಿಂಟನ್ನು ನೀರಿನಿಂದ ಕಾಯುತ್ತದೆ. ಪಕ್ಕದ ಸಣ್ಣ ತಿದಿಯೊಳಗೆ ಗೇರು ಬದಲಿಸುವ ತಂತಿ ಓಡಾಡುತ್ತದೆ. ಕೆಳಗಿನದು ಹೊಗೆಯ ತಿದಿ. ಇಂಜಿನ್ನಿನ ಸುಟ್ಟ ಅನಿಲ, ಇಂಜಿನ್ನನ್ನು ತಣಿಸಿ ಬಂದ ನೀರಿನೊಡನೆ ಬೆರೆತು ಈ ತಿದಿಯ ಮೂಲಕ ಡ್ರೈವಿನೊಳಗೆ ಇಳಿದು, ಕೊನೆಗೆ ಪಂಖದ ನಡುವಿನಿಂದ ನೀರಿನಡಿಯಲ್ಲಿ ಹೊರಬೀಳುತ್ತದೆ.

ಮೇ ತಿಂಗಳ ಎರಡನೆಯ ವಾರ ಟಾಡಪತ್ರಿ ತೆಗೆದು ಮಗನು ತಪಾಸಣೆಗೆ ತೊಡಗಿದನು. ಕೆಳಗಿನ ಹೊಗೆಯ ತಿದಿ ಅರ್ಧಕ್ಕೆ ಹರಿದು ಜೋತಾಡುತ್ತಿತ್ತು. ಅದನ್ನು ಬಿಗಿದಿದ್ದ ಕ್ಲ್ಯಾಂಪಿನ ತಿರುಪು ತುಕ್ಕು ಹಿಡಿದು ಸಡಿಲಾಗಿತ್ತು. ಮೇಲಿನ ತಿದಿ ನೋಡಲು ಚೆನ್ನಾಗಿಯೇ ಇತ್ತು. ಮೂರನೆಯ ವಾರದ ಕೊನೆಗೆ ಹೊಸ ಹೊಗೆಯ ತಿದಿ ಕೈಸೇರಿತು. ಮೇ ತಿಂಗಳ ಕೊನೆಯ ಸೋಮವಾರ ಅಲ್ಲಿ ಹುತಾತ್ಮ ಸೈನಿಕರ ಸ್ಮರಣೆಯ ರಜೆ. ದೋಣಿಗಳೆಲ್ಲ ನೀರಿಗಿಳಿಯುವುದು ಆ ಮೂರು ದಿನಗಳಲ್ಲಿಯೇ. ಪಂಪ ಕನ್ನಡ ಕೂಟದಲ್ಲಿ ಪರಿಚಯವಾದ ನಾಲ್ಕು ಮನೆಯವರನ್ನು ಮಕ್ಕಳ ಸಹಿತ ಆ ಭಾನುವಾರದ ವಿಹಾರಕ್ಕೆ ನಮ್ಮ ಮಗನು ಆಗಲೇ ಕರೆದಿದ್ದನು. ರಿಪೇರಿಯ ಅಂಗಡಿಯವರೊಬ್ಬರು ಮೂರು ವಾರ ಸರದಿ ಕಾಯಬೇಕೆಂದರು.

“ಅಪ್ಪಾ, ಹೊಗೀ ತಿದಿ ಒಂದ ಹರದದ. ಅದನ್ನಷ್ಟ ಬದಲಿ ಮಾಡಿದ್ರ ರವಿವಾರಕ್ಕ ನೀರಿಗಿ ಇಳಸಬಹುದು. ಬಾಕಿದ್ದು ಚಳಿಗಾಲಕ್ಕ ನೋಡೋಣ್ರಿ” ಎಂದನು.

ನೆರೆಮನೆಯಲ್ಲಿ ಕಾರಿನ ಕಾರಖಾನೆಯೊಂದರಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ನಮ್ಮದೇ ವಯಸ್ಸು, ಜೀವನವಿಡೀ ಯಂತ್ರಗಳೊಡನೆ ಇದ್ದವರು. ಅವರು ಬಂದು ದೋಣಿಯ ಹಿಂದೆ ಮಂಡಿಯೂರಿ ಕುಳಿತು, ಮೇಲಿನ ತಿದಿಯ ನೆರಿಗೆಗಳನ್ನು ಎರಡು ಹೆಬ್ಬೆರಳಿನಿಂದ ಅಗಲಿಸಿ ಬ್ಯಾಟರಿ ಬೆಳಕು ಬಿಟ್ಟರು. ನೆರಿಗೆಯ ಆಳದಲ್ಲಿ ಸುತ್ತಲೂ ಎಳೆ ಎಳೆಯಾದ ಬಿರುಕುಗಳು. ಅವರು ಹೇಳಿದ ಮಾತಿನ ತಾತ್ಪರ್ಯವನ್ನು ಮಗನು ನಮಗೆ ತಿಳಿಸಿದನು. ಹರಿದಿರುವ ಹೊಗೆಯ ತಿದಿಯಿಂದ ದೋಣಿ ಮುಳುಗುವುದಿಲ್ಲ. ಹೊಗೆಯ ಹಾದಿ ಹೇಗೂ ನೀರಿಗೆ ತೆರೆದದ್ದೇ. ಆದರೆ ಅದು ಹರಿದಾಗ ಬಿಸಿ ಅನಿಲ ನೇರವಾಗಿ ತಲೆಯ ಮೇಲಿನ ತಿದಿಗೆ ಬಡಿಯುತ್ತದೆ, ಅದರ ರಬ್ಬರನ್ನು ಒಣಗಿಸಿ ಬಿರಿಸುತ್ತದೆ. ಆ ಮೇಲಿನ ತಿದಿ ಬಾಯಿಬಿಟ್ಟರೆ ಸರೋವರವೇ ದೋಣಿಯೊಳಕ್ಕೆ ಬರುತ್ತದೆ. ತಳದಲ್ಲಿ ನೀರೆತ್ತುವ ಸಣ್ಣ ಪಂಪು ಇರುತ್ತದೆ, ನಿಜ. ಆದರೆ ಅದು ಬ್ಯಾಟರಿಗೆ ಜೀವ ಇರುವವರೆಗೆ ಮಾತ್ರ. ದಡಕ್ಕೆ ಕಟ್ಟಿದ ದೋಣಿಗಳು ಯಾರೂ ಇಲ್ಲದ ರಾತ್ರಿಯಲ್ಲಿ ನಿಂತಲ್ಲಿಯೇ ಮುಳುಗುವುದು ಹೀಗೆಯೇ. ನಡುನೀರಿನಲ್ಲಿ ಆದರಂತೂ ಹೇಳುವುದೇ ಬೇಡ.

ಅವರು ಇನ್ನೊಂದು ಅಪಾಯವನ್ನೂ ಹೇಳಿದರು. ನೀರಿನಡಿಯಲ್ಲಿ ಹೋಗಬೇಕಾದ ಹೊಗೆ ಹಿಂಗೋಡೆಯ ಬಳಿಯೇ ಹೊರಬಿದ್ದರೆ, ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ ಮಕ್ಕಳ ಮೂಗಿಗೇ ಬರುತ್ತದೆ. ಅದರಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ತಲೆಸುತ್ತು ಬಂದಿತೆನ್ನುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ತಿದಿ ಸರಿಯಿದ್ದರೂ ಇಂಜಿನ್ ನಡೆಯುತ್ತಿರುವಾಗ ಆ ಹಲಗೆಯ ಮೇಲೆ ಯಾರನ್ನೂ ಕೂರಿಸಬಾರದು ಎಂದು ಅವರು ಒತ್ತಿ ಹೇಳಿದರು.

ಮಗನು ಇನ್ನೂ ಹಿಂದೆಮುಂದೆ ನೋಡುತ್ತಿದ್ದನು. ಕರೆದವರನ್ನು ಬೇಡವೆನ್ನುವುದು ಅವನಿಗೆ ಸಂಕೋಚ. ಮೊಮ್ಮಗನಂತೂ ಗೆಳೆಯರಿಗೆಲ್ಲ ಹೇಳಿಬಿಟ್ಟಿದ್ದನು. ನಾವು ಅವನನ್ನು ಒಂದೇ ಪ್ರಶ್ನೆ ಕೇಳಿದೆವು: “ನಾಕು ಮನಿ ಮಕ್ಕಳು ಅದರಾಗ ಕುಂಡ್ರತಾರ. ಅವರ ತಾಯಿತಂದಿ ನಿನ್ನ ನಂಬಿ ಬರತಾರ. ಮ್ಯಾಲಿನ ತಿದಿ ಗಟ್ಟಿ ಅದ ಅಂತ ಅವರಿಗಿ ಬರದು ಕೊಡತೀಯೇನು?” ಅವನು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ನಾಲ್ಕು ಮನೆಗಳಿಗೂ ಫೋನು ಮಾಡಿದನು. ಸೊಸೆ ಆ ಭಾನುವಾರ ದಡದ ಉದ್ಯಾನದಲ್ಲಿಯೇ ಊಟ ಎಂದು ಏರ್ಪಡಿಸಿದಳು. ನಮ್ಮ ಮನೆಯವರು ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿದರು. ಮಕ್ಕಳು ನೀರಿನ ಕಡೆಗೆ ನೋಡುತ್ತಲೇ ಊಟ ಮಾಡಿದರು. ಅವರ ಮುಖ ಬಾಡಿದ್ದುದು ನಿಜ. ಆದರೆ ಎಲ್ಲರೂ ಸುಖವಾಗಿ ಮನೆಗೆ ಮರಳಿದರು.

ಅನಂತರದ ಎರಡು ಶನಿವಾರ, ಭಾನುವಾರಗಳಲ್ಲಿ ಕೆಲಸ ನಡೆಯಿತು. ಮೂರೂ ತಿದಿಗಳನ್ನು, ಅವುಗಳ ಕ್ಲ್ಯಾಂಪುಗಳನ್ನು ಹೊಸದಾಗಿ ತರಿಸಿದರು. ಕೈ ಮಗನದು, ಕಣ್ಣು ನೆರೆಮನೆಯ ಹಿರಿಯರದು. ನಮ್ಮ ಪಾಲಿಗೆ ಬಂದದ್ದು ಹಿಡಿದು ನಿಲ್ಲುವ, ಎತ್ತಿಕೊಡುವ, ಬಿಚ್ಚಿದ ತಿರುಪುಗಳನ್ನು ಬಟ್ಟಲಲ್ಲಿ ಎಣಿಸಿ ಇಡುವ ಕೆಲಸ. ಮೊದಲು ಟ್ರೇಲರಿನ ಗಾಲಿಗಳಿಗೆ ತಡೆಯಿಟ್ಟು ಬ್ಯಾಟರಿಯ ತಂತಿ ಬಿಚ್ಚಿದರು. ಕಾಲನ್ನು ಎತ್ತಿಳಿಸುವ ಎಣ್ಣೆಯ ದಂಡಗಳನ್ನು ಕಳಚಿ, ಆರು ನಟ್ಟುಗಳನ್ನು ಬಿಚ್ಚಿ, ಇಡೀ ಡ್ರೈವನ್ನು ನೇರವಾಗಿ ಹಿಂದಕ್ಕೆ ಎಳೆದರು. ಒಬ್ಬರಿಂದ ಎತ್ತಲಾಗದಷ್ಟು ಭಾರ. ಕೆಳಗೆ ಗಾಲಿಯ ಸ್ಟ್ಯಾಂಡು ಕೊಟ್ಟೇ ಎಳೆಯಬೇಕು. ಹಿಂಗೋಡೆಯಲ್ಲಿ ಉಳಿಯುವ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಿದರು. ನೀರು ಹೊಕ್ಕಿದ್ದರೆ ಅದು ಮರಳು ತುಂಬಿದ ಬೀಸುವ ಕಲ್ಲಿನಂತೆ ಗರಗರ ಎನ್ನುತ್ತದೆಯಂತೆ. ನಮ್ಮದು ಸದ್ದಿಲ್ಲದೆ ತಿರುಗಿತು.

ಹಳೆಯ ತಿದಿಗಳನ್ನು ಕತ್ತರಿಸಿ ತೆಗೆಯಲು ಹತ್ತು ನಿಮಿಷ ಸಾಕಾಯಿತು. ಅವು ಕುಳಿತಿದ್ದ ಅಲ್ಯುಮಿನಿಯಂ ಅಂಚನ್ನು ಶುಚಿಗೊಳಿಸಲು ಒಂದು ಇಡೀ ದಿನ ಹಿಡಿಯಿತು. ಹಳೆಯ ಅಂಟು, ರಬ್ಬರಿನ ಚೂರು, ಬಿಳಿಯ ಕಿಲುಬು, ಎಲ್ಲವನ್ನೂ ಗೀರು ಬೀಳದಂತೆ ತೆಗೆಯಬೇಕು. ಮಗನು ಅವಸರಿಸಿದಾಗಲೆಲ್ಲ ಹಿರಿಯರು ಅವನ ಕೈಯಿಂದ ಬ್ರಷ್ಷನ್ನು ತೆಗೆದುಕೊಂಡು ತಾವೇ ಉಜ್ಜತೊಡಗುತ್ತಿದ್ದರು. ತಿದಿಯು ಹಿಡಿಯುವುದು ಅಂಟಿನ ಬಲದಿಂದಲ್ಲ, ಶುಚಿಯಾದ ನೆಲೆಯಿಂದ ಎಂಬುದು ಅವರ ಅಭಿಪ್ರಾಯ. ಹೊಸ ತಿದಿಯ ಒಳ ಅಂಚಿಗೂ ಲೋಹದ ಅಂಚಿಗೂ ಅಂಟನ್ನು ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಸುಮಾರು 10 ನಿಮಿಷ ಕಾದು, ಆಮೇಲೆ ಕೂರಿಸಿದರು. ಕ್ಲ್ಯಾಂಪಿನ ತಿರುಪು ಮುಂದೆ ಸುಲಭವಾಗಿ ಕೈಗೆ ಸಿಗುವ ಕಡೆಗೇ ಇರಬೇಕು. ಅದರಡಿಯಲ್ಲಿ ಒಂದು ಸಣ್ಣ ಲೋಹದ ಚೂರನ್ನೂ ಸೇರಿಸಿದರು. ರಬ್ಬರು ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ, ಕ್ಲ್ಯಾಂಪಿಗೂ ದೋಣಿಯ ಲೋಹಕ್ಕೂ ಸಂಪರ್ಕ ಉಳಿಯುವಂತೆ ಮಾಡುವ ಕ್ಲಿಪ್ಪು ಅದು. ಅದಿಲ್ಲದಿದ್ದರೆ ನೀರಿನಲ್ಲಿ ಕ್ಲ್ಯಾಂಪು ಒಂಟಿಯಾಗಿ ಬೇಗನೆ ಸವೆಯುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಹೊಗೆಯ ತಿದಿಯ ಹೊರತುದಿ. ಒಳತುದಿಯನ್ನು ಹಿಂಗೋಡೆಯ ಕಡೆಗೆ ಬಿಗಿಯುವಾಗ ಕೈಯಾಡಿಸಲು ಜಾಗವಿರುತ್ತದೆ. ಅನಂತರ ಡ್ರೈವು ಕೂರುವ ಗಂಟೆಯಾಕಾರದ ಕವಚವನ್ನು ಅದರ ಎರಡು ತಿರುಗಣಿ ಮೊಳೆಗಳಿಗೆ ಸೇರಿಸಿದ ಮೇಲೆ, ಹೊರತುದಿಯನ್ನು ಆ ಕವಚದ ತುಟಿಯ ಮೇಲೆ ಏರಿಸಬೇಕು. ರಬ್ಬರು ಒಂದು ಕಡೆ ಏರಿದರೆ ಇನ್ನೊಂದು ಕಡೆ ಜಾರುತ್ತದೆ. ಅದಕ್ಕೆಂದೇ ತಿದಿಯ ಬಾಯನ್ನು ಹಿಗ್ಗಿಸಿ ಹಿಡಿಯುವ ಒಂದು ಉಪಕರಣವಿದೆ. ಹಿರಿಯರು ಎಲ್ಲಿಂದಲೋ ಎರವಲು ತಂದರು. ಹಲವರು ಈ ತೊಡಕಿಗೆ ಬೇಸತ್ತು ತಿದಿಯ ಬದಲು ಒಂದು ಗಿಡ್ಡ ರಬ್ಬರಿನ ಕೊಳವೆಯನ್ನು ಒಳತುದಿಗಷ್ಟೇ ಬಿಗಿದು ಹೊರತುದಿಯನ್ನು ಬಿಟ್ಟುಬಿಡುತ್ತಾರಂತೆ. ಅದನ್ನು ತಪ್ಪೆನ್ನುವಂತಿಲ್ಲ, ಅಂಗಡಿಯಲ್ಲಿಯೇ ಸಿಗುವ ವಸ್ತು. ಆದರೆ ನಿಧಾನವಾಗಿ ಸಾಗುವಾಗ ಹೊಗೆಯೂ ಸದ್ದೂ ಹಿಂಗೋಡೆಯ ಬಳಿ ಹೆಚ್ಚುತ್ತವೆ. ಮಕ್ಕಳಿರುವ ದೋಣಿಗೆ ಅದು ಬೇಡವೆಂದು ಮಗನೇ ಹೇಳಿದನು. ಮೂರನೆಯ ಪ್ರಯತ್ನದಲ್ಲಿ ತಿದಿ ತುಟಿಯೇರಿ ಕುಳಿತಿತು. ನಾವು ಕನ್ನಡಿ ಹಿಡಿದೆವು, ಮೊಮ್ಮಗ ಬೆಳಕು ಬಿಟ್ಟನು. ಸುತ್ತಲೂ ಅಂಚು ಸಮನಾಗಿ ಕುಳಿತಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ಕ್ಲ್ಯಾಂಪು ಬಿಗಿದರು. ಅತಿಯಾಗಿ ಬಿಗಿದರೆ ಕ್ಲ್ಯಾಂಪೇ ರಬ್ಬರನ್ನು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಕಳಚುತ್ತದೆ. ತಮ್ಮ ಅನುಭವದಲ್ಲಿ ಹೊಗೆಯ ತಿದಿಗಳು ಹರಿಯುವುದಕ್ಕಿಂತ ತುದಿಯಿಂದ ಕಳಚಿಕೊಂಡದ್ದೇ ಹೆಚ್ಚು ಎಂದು ಹಿರಿಯರು ಹೇಳಿದರು.

ಮರುದಿನ ಬೇರಿಂಗಿಗೆ ಗ್ರೀಸು ತುಂಬಿ, ಇಂಜಿನ್ ಸರಿಯಾದ ಎತ್ತರದಲ್ಲಿ ಕುಳಿತಿದೆಯೇ ಎಂದು ಪರೀಕ್ಷಿಸಿದರು. ಅದಕ್ಕೆ ಒಂದು ಉದ್ದನೆಯ ಉಕ್ಕಿನ ಸಲಾಕೆಯಿದೆ. ಬೇರಿಂಗಿನ ಮೂಲಕ ಇಂಜಿನ್ನಿನ ಹಲ್ಲುಗಳೊಳಗೆ ಅದು ಎರಡು ಬೆರಳಿನ ಬಲದಿಂದಲೇ ಜಾರಬೇಕು. ಜಾರಿತು. ಡ್ರೈವನ್ನು ಮತ್ತೆ ಕೂರಿಸಿ, ಆರೂ ನಟ್ಟುಗಳನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿದರು.

ಜೂನ್ ನಡುವಿನ ಒಂದು ಬೆಳಿಗ್ಗೆ ದೋಣಿಯನ್ನು ನೀರಿಗಿಳಿಸಿದೆವು. ಟ್ರೇಲರಿನ ಕೊಕ್ಕೆ ಬಿಡಿಸುವ ಮೊದಲು ಮಗನು ಇಂಜಿನ್ನಿನ ಮುಚ್ಚಳ ತೆರೆದು ತಳವನ್ನು ನೋಡಿದನು. ಕಾಲನ್ನು ಎಡತುದಿಗೂ ಬಲತುದಿಗೂ ತಿರುಗಿಸಿ, ಮೇಲೆತ್ತಿ ಇಳಿಸಿ, ಕಾಲು ಗಂಟೆಯ ಅನಂತರ ಮತ್ತೆ ನೋಡಿದನು. ತಳಕ್ಕೆ ಹಾಸಿದ್ದ ಹಳೆಯ ವರ್ತಮಾನಪತ್ರದ ಹಾಳೆ ಒಣಗಿದಂತೆಯೇ ಇತ್ತು. ಆಮೇಲೆಯೇ ಜೀವರಕ್ಷಕ ಕವಚ ತೊಟ್ಟ ಮಕ್ಕಳನ್ನು ಕರೆದರು. ಹಿಂದಿನ ಹಲಗೆಯ ಮೇಲೆ ಯಾರೂ ಕೂರಲಿಲ್ಲ. ಹತ್ತು ಗಂಟೆಗೆ ಹೊರಟ ದೋಣಿ ಹನ್ನೆರಡಕ್ಕೆ ಮರಳಿತು. ಅಂದು ನಡೆದದ್ದು ಅಷ್ಟೇ. ಒಳ್ಳೆಯ ದುರಸ್ತಿಯ ಲಕ್ಷಣವೇ ಅದು; ಹೇಳಿಕೊಳ್ಳುವಂಥದೇನೂ ನಡೆಯುವುದಿಲ್ಲ.

ಹನ್ನೊಂದು ವರ್ಷದ ಮೊಮ್ಮಗನು ಕೂಟದ ವಾರಾಂತ್ಯದ ತರಗತಿಯಲ್ಲಿ ಕನ್ನಡ ಅಕ್ಷರ ಕಲಿಯುತ್ತಿದ್ದಾನೆ. “ಮುತ್ಯಾ, ಮುಂದ ಯಾರಾರ ಈ ದೋಣಿ ತಗೊಂಡ್ರ ಅವರಿಗಿ ಹ್ಯಾಂಗ ಗೊತ್ತಾಗಬೇಕು?” ಎಂದು ಕೇಳಿದನು. ಒಂದು ಚೀಟಿಯ ಮೇಲೆ ತಿದಿ ಬದಲಿಸಿದ ತಿಂಗಳನ್ನೂ ವರ್ಷವನ್ನೂ ಇಂಗ್ಲಿಷಿನಲ್ಲಿ ಬರೆಸಿ, ಕೆಳಗೆ ಕನ್ನಡದಲ್ಲಿಯೂ ಬರೆಯೆಂದೆವು. ‘ತಿದಿ’ ಎಂಬ ಎರಡಕ್ಷರವನ್ನು ಅವನು ಜೀವನದಲ್ಲಿ ಮೊದಲ ಸಲ ಬರೆದದ್ದು ಅಂದು. ಆ ಚೀಟಿಯನ್ನು ಇಂಜಿನ್ನಿನ ಮುಚ್ಚಳದ ಒಳಗೆ ಅಂಟಿಸಿದ್ದಾರೆ.

ಊರಿಗೆ ಮರಳಿದ ಮೇಲೂ ತಿದಿಯ ವಿಚಾರ ನಮ್ಮ ತಲೆಯಿಂದ ಇಳಿಯಲಿಲ್ಲ. ಅದರ ಎರಡು ತುದಿಗಳಲ್ಲಿ ಒಂದು ಅಲುಗದ ಮನೆಗೆ, ಇನ್ನೊಂದು ಸದಾ ಅಲುಗುವ ಕಾಲಿಗೆ ಕಟ್ಟಿಕೊಂಡಿರುತ್ತದೆ. ನಡುವೆ ನೆರಿಗೆಗಳು ಬೇಕಾದ ಕಡೆಗೆ ಬಾಗುತ್ತವೆ. ಬಾಗುವುದರಿಂದ ಅದಕ್ಕೆ ಕೇಡಿಲ್ಲ. ಬಾಗುವುದಕ್ಕೆಂದೇ ಅದು ಹುಟ್ಟಿದ್ದು. ಕೇಡು ಬರುವುದು ರಬ್ಬರು ಒಣಗಿದಾಗ, ಇಲ್ಲವೇ ಒಂದು ತುದಿಯ ಕಟ್ಟು ಸಡಿಲಿದಾಗ. ಗಡಿನಾಡಿನವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಒಲೆಯ ಮುಂದೆ ಕನ್ನಡ, ಕಚೇರಿಯಲ್ಲಿ ಮರಾಠಿ, ಬಜಾರಿನಲ್ಲಿ ಎರಡೂ. ಮಕ್ಕಳು ದೂರ ಹೋದರೆ ಅಲ್ಲಿ ಇಂಗ್ಲಿಷು. ನಮ್ಮ ಮನೆಗಳು ಇಷ್ಟು ಕಾಲವೂ ಬಾಗಿಕೊಂಡೇ ಉಳಿದಿವೆ. ಮೊಮ್ಮಕ್ಕಳ ಬಾಯಲ್ಲಿ ಇನ್ನೊಂದು ಭಾಷೆ ಬಂದಿತೆಂದು ಕೊರಗುವ ಹಿರಿಯರಿಗೆ ನಾವು ಹೇಳುವುದಿಷ್ಟೆ: ನಡುವಿನ ಬಾಗನ್ನು ಕುರಿತು ಚಿಂತಿಸಬೇಡಿ, ತುದಿಯ ಕಟ್ಟು ಗಟ್ಟಿಯಿದೆಯೇ ನೋಡಿರಿ. ವಾರಕ್ಕೊಮ್ಮೆ ಫೋನಿನಲ್ಲಿ ಕನ್ನಡದಲ್ಲಿಯೇ ಮಾತು, ವರ್ಷಕ್ಕೊಮ್ಮೆ ಊರಿಗೆ ಬಂದಾಗ ಕೈಹಿಡಿದು ನಾಲ್ಕು ಅಕ್ಷರ, ಇವೇ ನಮ್ಮ ಕ್ಲ್ಯಾಂಪುಗಳು.

ಮಕ್ಕಳ ಮನೆಗೆ ಹೋಗುವ ಹಿರಿಯರೇ, ಅಲ್ಲಿ ಈ ಬಗೆಯ ದೋಣಿ ಕಂಡರೆ ಹತ್ತುವ ಮೊದಲು ಎರಡು ಮಾತು ಕೇಳಲು ಸಂಕೋಚಪಡಬೇಡಿ. ತಿದಿಗಳನ್ನು ಬದಲಿಸಿ ಎಷ್ಟು ವರ್ಷವಾಯಿತು? ಈ ವರ್ಷ ನೆರಿಗೆಗಳನ್ನು ಅಗಲಿಸಿ ನೋಡಿದಿರಾ? ಚಳಿಗಾಲದಲ್ಲಿ ದೋಣಿಯನ್ನು ನಿಲ್ಲಿಸುವಾಗ ಡ್ರೈವಿನ ಕಾಲನ್ನು ಇಳಿಬಿಟ್ಟೇ ಇಡಿರೆಂದು ಹೇಳಿರಿ. ಎತ್ತಿಟ್ಟರೆ ರಬ್ಬರು ತಿಂಗಳುಗಟ್ಟಲೆ ಹಿಗ್ಗಿದಂತೆಯೇ ಉಳಿದು ಬಿರಿಯುತ್ತದೆ. ಹೊಗೆಯ ತಿದಿ ಹರಿದಿದ್ದರೆ ಮೇಲಿನದನ್ನೂ ಅದೇ ದಿನ ನೋಡಿಸಿರಿ. ಮಕ್ಕಳು ನಕ್ಕರೆ ನಗಲಿ. ಮೋಟ ಹೊಡೆದ ಮನೆಯವರು ನಾವು; ಸೋರುವ ತೊಗಲನ್ನು ಯಾವಾಗ ಹೊಲಿಸಬೇಕು, ಯಾವಾಗ ತೆಗೆದೆಸೆದು ಹೊಸದನ್ನು ತರಬೇಕು ಎಂಬುದನ್ನು ಅವರಿಗೆ ತಿಳಿಸುವುದು ನಮ್ಮ ಹೊಣೆಯೇ ಆಗಿದೆ.